ಗುಂಡು ಬೆನ್ನೋ, ಚಪ್ಪಟೆ ಬೆನ್ನೋ

ವಾದ್ಯ ಮಾಡುವ ಮುದುಕರು ಸಂತಿಯಾಗು ತಮ್ಮ ಅಂಗಡಿಯ ಬೀದಿ ಬಾಗಿಲು ಹಾಕಿ ಚಿಲಕ ಜಡಿದಾಗ ಸಿದ್ದಮಲ್ಲಪ್ಪನ ಎದೆ ಧಸಕ್ಕೆಂದಿತು.

“ಈ ಮಂಡಿ ಮೊಹಲ್ಲಾದ ಗಾಡಿ ಗಲಾಟೇಲಿ ನಾದ ಎಲ್ಲಿ ತಿಳೀತದೆ ಕಣ್ರೀ!” ಎಂದು ಆ ಮುದುಕರು ಕೂಗಿದರು. ಕೂಗಿದರು ಎಂದರೆ ಕೂಗಿದರೇ, ಅಂಥ ಕಂಚಿನ ಕಂಠ. ಆ ಕಂಠಕ್ಕೆ ಸಿದ್ದಮಲ್ಲಪ್ಪ ಮನಸ್ಸಿನಲ್ಲೇ ಕೈಮುಗಿದ. ಅವನಿಗೆ ಈಗ ಕೇಳಿಸುತ್ತಿದ್ದದ್ದು ಕೂಗು ಮಾತ್ರ. ಮಿಕ್ಕಿದ್ದನ್ನು ಎದುರಿನವರ ತುಟಿ ನೋಡಿ ಊಹಿಸಿಕೊಳ್ಳಬೇಕಿತ್ತು.

ಹೋದ ವರ್ಷ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಸ್ವಾತಂತ್ರ್ಯ ಬಂದ ವರ್ಷ ನಾಟಕ ಕಂಪನಿ ಸೇರಿದವನು. ಹತ್ತು ವರ್ಷದಿಂದ ಮ್ಯಾಂಡೊಲಿನ್ ನುಡಿಸಿಯೇ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ. ವಾದ್ಯದವನಿಗೆ ಕಿವಿಯಿಲ್ಲ ಅಂದರೆ ಮುಗಿಯಿತಲ್ಲ! ಹೆಂಡತಿ ಚಾಮುಂಡಮ್ಮನ ಹೊರತು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಹಳೆಯ ವಾದ್ಯದ ಮೇಲೆ ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ತಬಲದವನ ಕೈ ನೋಡಿಕೊಂಡು ತಾಳ ಹಿಡಿಯುತ್ತಿದ್ದ. ಆದರೂ ಎರಡು ಸಲ, ಹಾಡು ಮುಗಿದು ನಟಿ ಒಳಗೆ ಹೋದಮೇಲೂ ಒಬ್ಬನೇ ಬಾರಿಸುತ್ತ ಕುಳಿತುಬಿಟ್ಟ. ಕಂಪನಿಯ ಮಾಲೀಕ ದೊರೆಸ್ವಾಮಿಗೆ ಅನುಮಾನ ಬಂತು. ಆಸಾಮಿ ಘಾಟಿ, ಬಾಯಿಬಿಟ್ಟು ಏನೂ ಕೇಳಲಿಲ್ಲ.

“ನಿನ್ನ ಹಳೇ ಡಬ್ಬದ ಸದ್ದು ಹಿಂದಿನ ಬೆಂಚಿಗೆ ಮುಟ್ಟೋದಿಲ್ಲ ಕಣಯ್ಯ,” ಎಂದ. “ಸಂತಿಯಾಗು ಹತ್ರ ಎರಡು ಹೊಸ ಮ್ಯಾಂಡೊಲಿನ್ ಮಾಡಿಸಿಟ್ಟಿದ್ದೀನಿ. ಒಂದು ಗುಂಡು ಬೆನ್ನಿಂದು, ಒಂದು ಚಪ್ಪಟೆ ಬೆನ್ನಿಂದು. ಯಾವುದರ ನಾದ ಮೇಲು ಅಂತ ಕೇಳಿ ಆರಿಸ್ಕೊಂಡು ಬಾ. ನಿನ್ನ ಕಿವಿ ಸರಿಯಾಗಿದೆ ಅಂತ ಅವರ ಕೈಲಿ ಒಂದು ಚೀಟಿ ಬರೆಸ್ಕೊಂಡು ಬಾ. ಚೀಟಿ ಇಲ್ದಿದ್ರೆ ನೀನೂ ಬರ್ಬೇಡ.”

ಸಂತಿಯಾಗು ಅರಮನೆ ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡಿದ್ದವರು. ಮರವನ್ನು ಒಂದು ಸಲ ತಟ್ಟಿದರೆ ಸಾಕು, ಅದು ನುಡಿಯುತ್ತದೋ ಇಲ್ಲವೋ ಹೇಳುತ್ತಾರೆ ಎಂದು ಊರೆಲ್ಲ ಪ್ರಸಿದ್ಧಿ. ಅಂಥವರ ಎದುರಿಗೆ ಕಿವುಡ ಪರೀಕ್ಷೆಗೆ ಕೂರಬೇಕು. ಓಡಿಹೋಗೋಣವೆಂದರೆ ಚಿಲಕ ಬಿದ್ದಿದೆ.

“ಬೆಳಿಗ್ಗೆ ತಾನೇ ತಂತಿ ಕಟ್ಟಿದ್ದೀನಿ. ಶ್ರುತಿ ನೀವೇ ಮಾಡ್ಕೊಳ್ಳಿ,” ಎಂದರು ಸಂತಿಯಾಗು.

ಹಳೆಯದಾಗಿದ್ದರೆ ತಂತಿಯ ಬಿಗಿ ಬೆರಳಿಗೇ ಗೊತ್ತಾಗುತ್ತಿತ್ತು. ಇವು ಹೊಸವು, ಹಾಳಾದವು. ಎರಡರ ಬಿರಡೆಗಳನ್ನೂ ಗಂಭೀರವಾಗಿ ತಿರುವಿದ. ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಕೇಳಿಸಿಕೊಂಡವನಂತೆ “ಹ್ಞಾಂ” ಎಂದ. ನಾಟಕ ಕಂಪನಿಯ ಅನ್ನ ಸುಮ್ಮನೆ ಹೋಗುತ್ತದೆಯೇ?

ಸಂತಿಯಾಗು ಬಾಗಿಲಿಗೆ ಬೆನ್ನು ಮಾಡಿ ಅವನೆದುರಿಗೇ ಕುಳಿತರು. ವಾದ್ಯದ ಕಡೆ ನೋಡಲಿಲ್ಲ, ಬೆರಳಿನ ಕಡೆ ನೋಡಲಿಲ್ಲ. ಅವನ ಬಾಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದರು. ಇವರಿಗೆ ಗೊತ್ತಾಗಿಹೋಗಿದೆ, ನಾನು ಸಿಕ್ಕಿಬಿದ್ದೆ ಅನ್ನಿಸಿ ಸಿದ್ದಮಲ್ಲಪ್ಪನ ಬೆನ್ನಲ್ಲಿ ಬೆವರು ಕಿತ್ತುಕೊಂಡು ಬಂತು.

ಗುಂಡು ಬೆನ್ನಿನದನ್ನು ಹೊಟ್ಟೆಗೊತ್ತಿಕೊಂಡು ಮೀಟಿದ. ಹೊಕ್ಕುಳ ಸುತ್ತ ಜುಮ್ಮೆಂದಿತು. ಚಪ್ಪಟೆಯದನ್ನು ಮೀಟಿದ. ಪಕ್ಕೆಲುಬು ಅದುರಿತು. ಇದರಲ್ಲಿ ಯಾವುದು ಇಂಪು? ಯಾವುದು ಹಿಂದಿನ ಬೆಂಚಿಗೆ ಮುಟ್ಟೀತು? ಹೊಟ್ಟೆಯನ್ನು ನಂಬಬೇಕೋ, ಪಕ್ಕೆಲುಬನ್ನು ನಂಬಬೇಕೋ ದೇವರೇ!

“ನೀವೇ ಹೇಳ್ಬುಡಿ ಸಂತಿಯಾಗಣ್ಣ. ಕೈಯಾರೆ ಮಾಡಿದವರು ನೀವು, ನಿಮಗಿಂತ ನನಗೇನು ತಿಳೀತದೆ?”

“ಉಹ್ಞೂಂ! ಮೊದ್ಲು ನೀವು. ನಾನು ಬಾಯಿ ಬಿಡೋದು ಆಮೇಲೆ.”

ಅಷ್ಟರಲ್ಲಿ ಅವರ ಬೆನ್ನ ಹಿಂದೆ ಚಿಲಕ ಕುಣಿಯತೊಡಗಿತು. ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಕದ ಅದುರುವುದು ಸಿದ್ದಮಲ್ಲಪ್ಪನಿಗೆ ಚೆನ್ನಾಗಿ ಕಾಣುತ್ತಿತ್ತು. ಸದ್ಯ, ಇವರು ಎದ್ದು ಹೋದರೆ ಒಂದು ಗಳಿಗೆ ಉಸಿರಾಡಬಹುದು ಅಂದುಕೊಂಡ. ಮುದುಕರು ರೆಪ್ಪೆಯನ್ನೂ ಅಲುಗಿಸಲಿಲ್ಲ. ಬಂದ ಗಿರಾಕಿ ಹಾಳಾಗಲಿ, ಈ ಕಳ್ಳನನ್ನು ಮಾತ್ರ ಬಿಡಲಾರೆ ಎಂಬ ಹಟವಿರಬೇಕು. ಎಂಥ ಗಟ್ಟಿಪಿಂಡವಪ್ಪ!

ಇನ್ನು ತಡಮಾಡಿ ಪ್ರಯೋಜನವಿರಲಿಲ್ಲ. ಹೆಗಲ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಲೇ, “ಗುಂಡು ಬೆನ್ನಿಂದೇ ಮೇಲು,” ಎಂದುಬಿಟ್ಟ.

ಸಂತಿಯಾಗು ಹುಬ್ಬು ಗಂಟಿಕ್ಕಿದರು. “ಏನಂದ್ರಿ? ಇನ್ನೊಂದ್ಸಲ ಹೇಳಿ!”

ತಪ್ಪಾಯಿತು! ಹೆಂಡತಿ ಮಕ್ಕಳ ಮುಖ ಕಣ್ಣೆದುರಿಗೆ ಬಂತು. ವಸ್ತ್ರ ಕೆಳಗೆ ಬಿತ್ತು. “ಅಲ್ಲ, ಅಲ್ಲ. ಚಪ್ಪಟೆ ಬೆನ್ನಿಂದು. ಚಪ್ಪಟೇದೇ ಸರಿ,” ಎಂದು ತೊದಲಿದ.

ಮುದುಕರ ಮುಖ ಅರಳಿತು. “ಅಂಗನ್ನಿ ಮತ್ತೆ! ನಾನೂ ಅದೇ ಅನ್ಕೊಂಡಿದ್ದೆ. ಎಂಥಾ ಕಿವಿ ಕಣ್ರೀ ನಿಮ್ದು!”

ಚೀಟಿ ಬರೆದರು, ರುಜು ಹಾಕಿದರು. ‘ಇವರ ಕಿವಿ ಬಹಳ ಸೂಕ್ಷ್ಮ’ ಎಂದಿತ್ತು. ಅದನ್ನು ಜೇಬಿಗಿಳಿಸಿದ ಮೇಲೆ ಸಿದ್ದಮಲ್ಲಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಅದೇ ಹುರುಪಿನಲ್ಲಿ ಚಪ್ಪಟೆ ಬೆನ್ನಿನದನ್ನು ಎತ್ತಿಕೊಂಡು, ತನಗೆ ಬರುವ ಹಾಡುಗಳನ್ನೆಲ್ಲ ಒಂದರ ಹಿಂದೊಂದು ಬಾರಿಸಿದ. ಸಂತಿಯಾಗು ಕಣ್ಣು ಮುಚ್ಚಿ, ಅಂಗೈಯನ್ನು ಬೆಂಚಿನ ಮೇಲಿಟ್ಟು, ಪರವಶರಾಗಿ ತಲೆದೂಗಿದರು.

ಒಳಮನೆಯ ಕದ ತೆರೆಯಿತು. ಸಂತಿಯಾಗು ಅವರ ಹೆಂಡತಿ ಸವರಿಯಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಬಂದು ನಿಂತರು. ಆಕೆಯದೂ ಗಂಡನಷ್ಟೇ ದೊಡ್ಡ ಗಂಟಲು. ಒಂದೊಂದು ಮಾತೂ ಸಿದ್ದಮಲ್ಲಪ್ಪನಿಗೆ ನೆಟ್ಟಗೆ ಕೇಳಿಸಿತು.

“ಅಯ್ಯೋ ನಿಲ್ಸಿ, ನಿಮ್ಮ ದಮ್ಮಯ್ಯ! ಒಂದೇ ಒಂದು ತಂತಿ ಶ್ರುತೀಲಿಲ್ಲ, ಅರ್ಧ ಗಂಟೆಯಿಂದ ತಲೆ ಸಿಡಿದುಹೋಗ್ತಾ ಇದೆ!”

ಸಿದ್ದಮಲ್ಲಪ್ಪನ ಕೈ ಗಕ್ಕನೆ ನಿಂತಿತು. ಸಂತಿಯಾಗು ಮಾತ್ರ ಕಣ್ಣು ಮುಚ್ಚಿದ್ದವರು ಮುಚ್ಚಿದಂತೆಯೇ ಇನ್ನೂ ತಲೆದೂಗುತ್ತಿದ್ದರು.

ಸವರಿಯಮ್ಮ ಗಂಡನ ಕಡೆ ಕೈ ತೋರಿಸಿ ಕೇಳಿದರು: “ಇವರಿಗೇನೋ ಕಿವಿ ಹೋಗಿ ಎರಡು ವರ್ಷ ಆಯ್ತು, ನಿಮಗೇನಾಗಿದೆ ಸ್ವಾಮಿ?”