ಸೋದರಮಾವನಿಗೆ ಬಡ್ತಿ ಸಿಕ್ಕ ಮಧ್ಯಾಹ್ನ

ವಿಮಾನ ನಿಲ್ದಾಣದಲ್ಲಿ ಸೀಮೆಎಣ್ಣೆಯಂಥ ಇಂಧನದ ವಾಸನೆ ಬಂದಾಗಲೆಲ್ಲ ನನಗೆ ಕುಬಿಹಾಳದ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತನಾದ ನನ್ನ ಸೋದರಮಾವ ಆಗ ಹೊಸ ವಿಮಾನಗಳನ್ನು ಮೊದಲ ಸಲ ಹಾರಿಸಿ ಪರೀಕ್ಷಿಸುವ ಪೈಲಟ್ ಆಗಿದ್ದ. ಅವನ ಜಾಕೀಟಿಗೂ ಅದೇ ವಾಸನೆ. ಆ ಸಲ ಬಂದವನು, ಬಡ್ತಿ ಸಿಕ್ಕಿದೆ, ದಿಲ್ಲಿಯ ಕಚೇರಿಗೆ ಹೋಗಬೇಕು ಎಂದ.

"ಅಂದ್ರ ಇನ್ನ ಹಾರೂದಿಲ್ಲೇನು?" ಅಜ್ಜಿ ಕೇಳಿದಳು.

"ಇಲ್ಲಬೇ ಅವ್ವಾ. ಇನ್ನ ಕುರ್ಚಿ ಮ್ಯಾಲ ಕೂಡೂದು."

ಅಜ್ಜಿ ದೇವರ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಹೋಳಿಗೆಗೆ ಬೇಳೆ ಬೇಯಲು ಇಟ್ಟಳು.

ಮಾವ ಮಾತ್ರ ಒಂದು ಕಡೆ ಕೂಡಲಿಲ್ಲ. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಮಾಳಿಗೆಗೆ ಅಡ್ಡಾಡಿದ. ಯಾರೂ ಕರೆಯದಿದ್ದರೂ ಬಾಜು ಮನೆಯ ಟ್ರ್ಯಾಕ್ಟರಿನ ಬಾನೆಟ್ ತೆರೆಸಿ, ಬಗ್ಗಿ ನಿಂತು ಎಂಜಿನ್ನಿನ ಸದ್ದು ಕೇಳಿದ. ಊಟಕ್ಕೆ ಕೂತಾಗ ಮೇಲೆ ಯಾವುದೋ ವಿಮಾನ ಹೋಯಿತು. ಎಂಜಲುಗೈಯಲ್ಲೇ ಎದ್ದು ಅಂಗಳಕ್ಕೆ ಓಡಿದ. ಸದ್ದು ಅಡಗಿದ ಮೇಲೂ ಒಳಗೆ ಬರಲಿಲ್ಲ.

ಅಜ್ಜಿ ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತು, ಅವನನ್ನು ಬಹಳ ಹೊತ್ತು ನೋಡಿದಳು.

"ನಿಮ್ಮ ಸಾಹೇಬ್ರನ್ನ ಒಮ್ಮೆ ಕೇಳಿ ನೋಡು," ಅಂದಳು ಕೊನೆಗೆ. "ಆಗಾಗ ಹಾರಸಾಕ ಬಿಡ್ತಾರೇನು ಅಂತ. ಬಿಟ್ರ, ನನಗಷ್ಟ ಹೇಳಬ್ಯಾಡ."