ಅಂಗಿಯ ಗುಂಡಿ

ಬಾಗಿಲ ಸಂದಿಯಲ್ಲೇ ಅನ್ವಿತಾ ನಿಂತುಬಿಟ್ಟಳು. ಒಳಗೆ ಅಪ್ಪ, ಲಕ್ವಾ ಹೊಡೆದ ಬಲಗೈಯಲ್ಲೇ ಅಂಗಿಯ ಮೂರನೇ ಗುಂಡಿ ಹಾಕಿಕೊಳ್ಳುತ್ತಿದ್ದರು. ವರ್ಷದಿಂದ ದಿನಾ ಬೆಳಿಗ್ಗೆ ಅದು ಅವಳ ಕೆಲಸ. ಕೈ ಸೋತವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ಮಾಸ್ಟರ್ಸ್‌ಗೆ ಮಂಗಳೂರಿನಲ್ಲೂ ಸೀಟು ಸಿಕ್ಕಿತ್ತು, ಬೆಂಗಳೂರಿನಲ್ಲೂ. ಈ ಗುಂಡಿಗಳಿಗೋಸ್ಕರವೇ, ಚಿಕ್ಕಬಳ್ಳಾಪುರದಿಂದ ದಿನಾ ರೈಲಿನಲ್ಲಿ ಓಡಾಡಿದರಾಯಿತು, ಬೆಂಗಳೂರೇ ಸಾಕು ಎಂದು ನಿನ್ನೆ ಸುಸ್ತಾಗಿ ಒಪ್ಪಿಕೊಂಡಿದ್ದಳು.

ಬಾಗಿಲು ಕಿರ್ರೆಂದಿತು. ಅಪ್ಪ ಬೆಚ್ಚಿ, ಹಾಕಿದ್ದ ಗುಂಡಿಗಳನ್ನೆಲ್ಲ ಎಡಗೈಯಿಂದ ಸರಸರನೆ ಬಿಚ್ಚಿಕೊಂಡರು. "ಬಾಮ್ಮ. ಇವತ್ತೂ ಕೈ ಬರ್ತಾ ಇಲ್ಲ."

ಅನ್ವಿತಾ ಎಂದಿನಂತೆ ಮೊದಲ ಗುಂಡಿ ಹಾಕಿದಳು. ಎರಡನೆಯದನ್ನು ಮುಟ್ಟದೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಮಿಕ್ಕಿದ್ದು ನೀನೇ ಹಾಕ್ಕೊಳಪ್ಪ, ನಿಧಾನವಾಗಿ. ನಾನು ಮಂಗಳೂರಿಗೆ ಹೊರಡಕ್ಕೆ ಇನ್ನೂ ಹದಿನೈದು ದಿನ ಇದೆ."