ಮಾದೇಶನ ಪುಟಗಳು

ಮಗಳ ನೋಟ್‌ಬುಕ್ಕಿನ ಪುಟಪುಟದಲ್ಲೂ ಒಬ್ಬನದೇ ಹೆಸರಿತ್ತು: ಮಾದೇಶ. ಅದರ ಕೆಳಗೆಲ್ಲ ಅಂಕಿಗಳು. ಪಂಕಜ ಅದನ್ನು ಮಗಳ ಮುಂದೆ ಹಿಡಿದಳು.

“ಯಾರೇ ಇವನು?”

“ಕಬಡ್ಡಿ ಪ್ಲೇಯರ್ ಅಮ್ಮ. ರೈಡಿಗೆ ಬಂದಾಗ ಎಷ್ಟು ಸಲ ಎಡಕ್ಕೆ ತಿರುಗ್ತಾನೆ, ಎಷ್ಟು ಸಲ ಬಲಕ್ಕೆ ಅಂತ ಲೆಕ್ಕ ಇಡ್ತೀನಿ. ಮುಂದೆ ಇದೇ ಕೆಲಸಕ್ಕೆ ಸೇರ್ತೀನಿ.”

“ಎಂ.ಎಸ್ಸಿ. ಗಣಿತ ಓದಿದೋಳಿಗೆ ಗಂಡುಹುಡುಗನ ಹೆಜ್ಜೆ ಎಣಿಸೋ ಕೆಲಸಾನಾ? ನನ್ನ ಕಿವಿಗೆ ಹೂ ಇಡಬೇಡ. ಅವನ ಒಂದು ಮ್ಯಾಚೂ ಬಿಡದೆ ಓಡ್ತೀಯಲ್ಲ, ಯಾಕೆ?”

“ಅವನನ್ನ ನೋಡೋಕೇ.”

“ಬಾಯ್ಬಿಟ್ಟೆ ನೋಡು! ಸುಮ್ನೆ ಬಿ.ಎಡ್. ಸೇರು. ಇಲ್ದಿದ್ರೆ ಮನೆ ಹೊಸಿಲು ದಾಟಬೇಡ.”

ಭಾನುವಾರ ಬೆಳಿಗ್ಗೆ ಆರಡಿ ಎತ್ತರದ ಆಳೊಬ್ಬ ಬಾಗಿಲಿಗೆ ಬಂದ.

“ನಾನು ಮಾದೇಶ ಅಂತ. ನಿಮ್ಮ ಮಗಳ ವಿಷಯ ಮಾತಾಡ್ಬೇಕಿತ್ತು.”

ಅಂದುಕೊಂಡ ಹಾಗೇ ಆಯಿತಲ್ಲ ಎಂದು ಪಂಕಜ ಬಾಗಿಲಿಗೆ ಅಡ್ಡ ನಿಂತಳು. “ಏನು ಕೇಳೋದಿದ್ರೂ ಅಲ್ಲೇ ನಿಂತು ಕೇಳಪ್ಪ.”

ಅವನು ಎರಡೂ ಕೈ ಮುಗಿದ.

“ಅಮ್ಮಾ, ದಯವಿಟ್ಟು ಅವರನ್ನ ಬೇರೆ ಯಾವುದಾದ್ರೂ ಕೆಲಸಕ್ಕೆ ಸೇರಿಸ್ಬಿಡಿ. ಅವರು ಎದುರು ಟೀಮಿಗೆ ಲೆಕ್ಕ ಕೊಟ್ಟಾಗಿಂದ, ನಾನು ಯಾವ ಕಡೆ ತಿರುಗಿದ್ರೂ ಅಲ್ಲಿ ಮೊದಲೇ ಮೂರು ಜನ ನಿಂತಿರ್ತಾರೆ!”